ಅಚ್ಚಾದ ಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯ, ಮೊದಲ ಪುಸ್ತಕ. ಬೆಂಗಳೂರು ಪಕ್ಕದಲ್ಲೇ ಇದೆ, ದೊಡ್ಡ ಪ್ರಕಾಶಕರು ಹೆಚ್ಚಿನವರು ಅಲ್ಲೇ ಇದ್ದಾರೆ, ಆದರೂ ಯಾರನ್ನು ಹೇಗೆ ಕೇಳುವುದು ಅಂತ ಗೊತ್ತಾಗದೆ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಕೂತಿದ್ದಾರೆ. ಇನ್ನು ಕೆಲವರು ಮೊದಲು ಫೋನ್ ಮಾಡಿದವರಿಗೇ ದುಡ್ಡು ಕೊಟ್ಟುಬಿಟ್ಟಿದ್ದಾರೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಗುಬ್ಬಿಯಿಂದ ಒಬ್ಬ ಶಿಕ್ಷಕಿ: ಅಕ್ಕಾ, ನಮಸ್ಕಾರ. ಹದಿನಾಲ್ಕು ಕತೆ ಬರೆದಿದ್ದೇನೆ, ಐದು ಕತೆಗಳು ಪತ್ರಿಕೆಗಳಲ್ಲಿ ಬಂದಿವೆ. ಒಬ್ಬ ಪ್ರಕಾಶಕರು ತಾವಾಗಿಯೇ ಫೋನ್ ಮಾಡಿ, 45 ಸಾವಿರ ಕೊಟ್ಟರೆ 500 ಪ್ರತಿ ಮಾಡಿಕೊಡುತ್ತೇವೆ, ಮುಂದಿನ ತಿಂಗಳೇ ಬಿಡುಗಡೆ ಇಟ್ಟುಕೊಳ್ಳಬಹುದು ಅಂದರು. ಮನೆಯವರೂ ಕೊಡು ಅನ್ನುತ್ತಿದ್ದಾರೆ. ಕೊಡಲಾ?

ಈಗಲೇ ಕೊಡಬೇಡಿ ಮೇಡಂ.

ದುಡ್ಡು ಕೊಟ್ಟು ಪುಸ್ತಕ ಮಾಡಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿ, ತಾವೇ ಹೊತ್ತುಕೊಂಡು ಮಾರಿದ ಲೇಖಕರು ಕನ್ನಡದಲ್ಲಿ ಮೊದಲಿನಿಂದಲೂ ಇದ್ದಾರೆ. ಆದರೆ ಒಂದು ವಿಷಯ ಸ್ಪಷ್ಟ ಇರಲಿ. ನಿಮ್ಮ ಹಸ್ತಪ್ರತಿ ಓದಿ, ಇಷ್ಟಪಟ್ಟು, ತಮ್ಮ ದುಡ್ಡು ಹಾಕಿ ಪುಸ್ತಕ ಮಾಡುವವರು ಪ್ರಕಾಶಕರು. ನಿಮ್ಮಿಂದ ದುಡ್ಡು ತಗೊಂಡು ಮಾಡಿಕೊಡುವವರು ಒಂದು ಕೆಲಸ ಮಾಡಿಕೊಡುವವರು, ಅಲ್ಲಿ ನೀವು ಗಿರಾಕಿ. ಗಿರಾಕಿ ಆದಮೇಲೆ ಸಂಕೋಚ ಬಿಟ್ಟು ಎಲ್ಲವನ್ನೂ ಕೇಳಬೇಕು. ಲೇಖಕಿ ಅಂತ ಅವರು ಕರೆದಾಗ ಆಗುವ ಖುಷಿಯಲ್ಲಿ ಈ ಕೇಳುವ ಕೆಲಸವೇ ಬಿಟ್ಟುಹೋಗುತ್ತದೆ.

ಲೆಕ್ಕ ನೋಡೋಣ. 45 ಸಾವಿರಕ್ಕೆ 500 ಪ್ರತಿ ಅಂದರೆ ಒಂದು ಪ್ರತಿಗೆ 90 ರೂಪಾಯಿ. ಮುಖಬೆಲೆ 150 ಇಟ್ಟರು ಅಂತ ಇಟ್ಟುಕೊಳ್ಳಿ. ಅಂಗಡಿಯವರು, ವಿತರಕರು ನೂರಕ್ಕೆ ಮೂವತ್ತು ನಲವತ್ತು ಕಮಿಷನ್ ಕೇಳುವುದು ಮಾಮೂಲು. ನಲವತ್ತು ಅಂದರೆ 60 ರೂಪಾಯಿ ಅವರಿಗೆ ಹೋಯಿತು, ಉಳಿದದ್ದು 90. ಅಂದರೆ ಐನೂರಕ್ಕೆ ಐನೂರೂ ಅಂಗಡಿಯಲ್ಲಿ ಖರ್ಚಾಗಿ, ಎಲ್ಲ ದುಡ್ಡೂ ವಾಪಸ್ ಬಂದರೆ ನೀವು ಹಾಕಿದ್ದು ನಿಮಗೆ ಸಿಗುತ್ತದೆ, ಒಂದು ರೂಪಾಯಿ ಜಾಸ್ತಿ ಇಲ್ಲ. ಅದೂ ಮಾರಿದ ದುಡ್ಡು ನಿಮ್ಮ ಕೈಗೆ ಬಂದರೆ ಮಾತ್ರ. ಹೀಗೆ ದುಡ್ಡು ತಗೊಳ್ಳುವವರಲ್ಲಿ ಕೆಲವರು ಲೇಖಕರಿಗೆ ಐವತ್ತೋ ನೂರೋ ಪ್ರತಿ ಕೊಟ್ಟು ಮಿಕ್ಕಿದ್ದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಆ ಮಿಕ್ಕ ಪ್ರತಿಗಳು ನಿಜವಾಗಿ ಅಚ್ಚಾದವಾ, ಎಲ್ಲಿವೆ, ಎಷ್ಟು ಹೋದವು ಅನ್ನುವುದು ಲೇಖಕರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಅವರಿಗೆ ಫೋನಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಐನೂರು ಪ್ರತಿಯಲ್ಲಿ ನನಗೆಷ್ಟು, ನಿಮ್ಮ ಹತ್ತಿರ ಎಷ್ಟು? ನಿಮ್ಮ ಹತ್ತಿರ ಇರುವುದನ್ನು ಯಾವ ಊರಿನ ಯಾವ ಅಂಗಡಿಗಳಿಗೆ ಹಾಕುತ್ತೀರಿ? ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಕೊಡುತ್ತೀರಿ? ಕರಡು ತಿದ್ದುವವರು ಯಾರು, ನನಗೆ ಎಷ್ಟು ಸಲ ಕರಡು ತೋರಿಸುತ್ತೀರಿ? ಅಚ್ಚಿಗೆ ಹೋಗುವ ಕೊನೆಯ ಪಿಡಿಎಫ್ ನನಗೆ ಕೊಡುತ್ತೀರಾ? ಇದಕ್ಕೆಲ್ಲ ನೇರ ಉತ್ತರ ಬಂದರೆ ಯೋಚನೆ ಮಾಡಿ. "ನಂಬಿಕೆ ಇರಲಿ ಮೇಡಂ" ಅಂತ ಮಾತ್ರ ಬಂದರೆ ಅಲ್ಲಿಗೆ ಬಿಟ್ಟುಬಿಡಿ.

ಇನ್ನೊಂದು ಕೆಲಸ ಮಾಡಿ. ತುಮಕೂರಿಗೆ ಹೋದಾಗ ಅಲ್ಲಿನ ಒಂದು ಪ್ರೆಸ್ಸಿನಲ್ಲೂ, ಬೆಂಗಳೂರಿನ ಒಂದು ಪ್ರೆಸ್ಸಿನಲ್ಲೂ ರೇಟು ಕೇಳಿ. ಕೇಳುವುದು ಹೀಗೆ: "1/8 ಡೆಮಿ, 128 ಪುಟ, ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಒಂದೇ ಬಣ್ಣ, ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಬೋರ್ಡ್, ನಾಲ್ಕು ಬಣ್ಣ, ಮ್ಯಾಟ್ ಲ್ಯಾಮಿನೇಶನ್. 200 ಪ್ರತಿಗೆ ಎಷ್ಟು, 500ಕ್ಕೆ ಎಷ್ಟು?" 1/8 ಡೆಮಿ ಅಂದರೆ ಪುಸ್ತಕದ ಅಳತೆ, ಜಿಎಸ್‌ಎಂ ಅಂದರೆ ಕಾಗದದ ತೂಕದ ಲೆಕ್ಕ, ಮ್ಯಾಪ್‌ಲಿಥೋ ಒಳಪುಟದ ಕಾಗದ. ಈ ಭಾಷೆಯಲ್ಲಿ ಕೇಳಿದರೆ ಪ್ರೆಸ್ಸಿನವರೂ ಸರಿಯಾದ ರೇಟು ಹೇಳುತ್ತಾರೆ. 128 ಯಾಕೆ ಅಂದರೆ, ಡೆಮಿ ಅಳತೆಯಲ್ಲಿ ಒಂದು ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ, ಎಂಟು ಫಾರಂಗೆ 128. ನಿಮ್ಮ ಪುಸ್ತಕ 131 ಪುಟ ಆದರೆ ಆ ಮೂರು ಪುಟಕ್ಕೆ ಇನ್ನೊಂದು ಫಾರಂನ ಖರ್ಚು ಬೀಳಬಹುದು, ಅಕ್ಷರದ ಅಳತೆಯನ್ನೋ ಅಂಚನ್ನೋ ಸ್ವಲ್ಪ ಸರಿಮಾಡಿದರೆ ಉಳಿಯುತ್ತದೆ. ಈ ರೇಟು ಕೈಯಲ್ಲಿದ್ದರೆ 45 ಸಾವಿರದಲ್ಲಿ ಅಚ್ಚಿನ ಖರ್ಚು ಎಷ್ಟು, ಮಿಕ್ಕಿದ್ದು ಯಾವ ಕೆಲಸಕ್ಕೆ ಅಂತ ನಿಮಗೇ ಗೊತ್ತಾಗುತ್ತದೆ.

ಆದರೆ ಇದಕ್ಕೆಲ್ಲ ಮುಂಚೆ, ನಿಮ್ಮ ಐದು ಕತೆಗಳನ್ನು ಸಂಪಾದಕರು ಆರಿಸಿ ಹಾಕಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಒಂದು ರೂಪಾಯಿ ಕೇಳದೆ ಪ್ರಕಟಿಸುವವರನ್ನು ಹುಡುಕಲು ಇಷ್ಟು ಸಾಕು. ಛಂದ ಪುಸ್ತಕ ಅನ್ನುವ ಪ್ರಕಾಶನದವರು ಮೊದಲ ಕಥಾಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ, ಆಯ್ಕೆಯಾದದ್ದನ್ನು ತಾವೇ ಪ್ರಕಟಿಸುತ್ತಾ ಬಂದಿದ್ದಾರೆ. ಪ್ರಕಟಣೆ ಬಂದಾಗ ಬಿಡದೆ ಕಳಿಸಿ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಗೂ ಒಂದು ಹೊಸ ಕತೆ ಇಟ್ಟುಕೊಳ್ಳಿ. ಪ್ರಕಾಶಕರನ್ನು ಹುಡುಕುವುದು ಹೇಗೆ ಅಂದರೆ, ನಿಮಗೆ ಇಷ್ಟವಾದ, ಇತ್ತೀಚೆಗೆ ಬಂದ ಹತ್ತು ಕಥಾಸಂಕಲನಗಳನ್ನು ಲೈಬ್ರರಿಯಲ್ಲಿ ತೆಗೆದು ಎರಡನೇ ಪುಟ ನೋಡಿ. ಪ್ರಕಾಶಕರ ವಿಳಾಸ, ಫೋನ್, ಪ್ರತಿಗಳ ಸಂಖ್ಯೆ, ಕಾಗದ, ಹಕ್ಕು ಯಾರದು, ಎಲ್ಲಾ ಅಲ್ಲೇ ಇರುತ್ತದೆ. ನಿಮ್ಮ ಥರದ ಕತೆಗಳನ್ನು ಹಾಕುವವರು ಯಾರು ಅಂತ ಆ ಪುಟವೇ ಹೇಳುತ್ತದೆ. ನಾಲ್ಕು ಜನಕ್ಕೆ ಬರೆಯಿರಿ, ನಿಮ್ಮ ಬಗ್ಗೆ ಆರೇಳು ಸಾಲು, ಪ್ರಕಟವಾದ ಕತೆಗಳ ಪಟ್ಟಿ, ಜೊತೆಗೆ ಅತ್ಯುತ್ತಮ ಅನ್ನಿಸುವ ಎರಡೇ ಕತೆ. ಹದಿನಾಲ್ಕನ್ನೂ ಮೊದಲೇ ಕಳಿಸಬೇಡಿ, ಕೇಳಿದಾಗ ಕಳಿಸಿ. ಮೂರು ತಿಂಗಳು ಕಾಯಿರಿ, ಒಮ್ಮೆ ನೆನಪಿಸಿ. ಇಷ್ಟೆಲ್ಲ ಮಾಡಲು ಒಂದು ವರ್ಷ ಹಿಡಿಯಬಹುದು. ಹಿಡಿಯಲಿ. ಆ ಒಂದು ವರ್ಷದಲ್ಲಿ ಇನ್ನೆರಡು ಒಳ್ಳೆಯ ಕತೆ ಬಂದರೆ, ಈಗಿರುವ ಎರಡು ಸಪ್ಪೆ ಕತೆ ಬಿಟ್ಟುಹೋದರೆ ಪುಸ್ತಕಕ್ಕೇ ಲಾಭ.

ದುಡ್ಡಿನ ನಿರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಗೌರವಧನ ಕೊಡುವ ಪ್ರಕಾಶಕರು ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ ಹತ್ತು ಕೊಡುತ್ತಾರೆ. 150 ರೂಪಾಯಿ ಪುಸ್ತಕ 500 ಪ್ರತಿ ಹೋದರೆ ನಿಮಗೆ 7,500. ಕಡಿಮೆ ಅನ್ನಿಸಬಹುದು. ಆದರೆ ಅದು ಓದುಗರು ಕೊಟ್ಟ ದುಡ್ಡು, ಮತ್ತು ನಿಮ್ಮ 45 ಸಾವಿರ ನಿಮ್ಮ ಹತ್ತಿರವೇ ಇರುತ್ತದೆ.

ಚಿಂತಾಮಣಿಯಿಂದ, ವಯಸ್ಸು 24: ಅಕ್ಕಾ, ನನ್ನ ಕವಿತೆ ಎಲ್ಲಾ ಮೊಬೈಲಲ್ಲೇ ಇವೆ, ನೂರೈವತ್ತರ ಮೇಲಿವೆ. ಹಸ್ತಪ್ರತಿ ಕಳಿಸಿ ಅಂತ ಎಲ್ಲರೂ ಅಂತಾರೆ. ಕೈಯಲ್ಲೇ ಬರೀಬೇಕಾ? ಎಷ್ಟು ಕವಿತೆ ಇದ್ದರೆ ಪುಸ್ತಕ ಆಗುತ್ತೆ?

ಕೈಯಲ್ಲಿ ಬರೆಯಬೇಕಿಲ್ಲ. ಈಗ ಎಲ್ಲರೂ ಟೈಪ್ ಮಾಡಿದ್ದನ್ನೇ ಕೇಳುತ್ತಾರೆ.

ನೂರೈವತ್ತನ್ನೂ ಕಳಿಸಬೇಡಿ. ನಲವತ್ತೈದು ಐವತ್ತು ಕವಿತೆಗೆ ಎಂಬತ್ತರಿಂದ ತೊಂಬತ್ತಾರು ಪುಟದ ಒಳ್ಳೆಯ ಸಂಕಲನ ಆಗುತ್ತದೆ. ಆರಿಸುವಾಗ ಯಾವುದಕ್ಕೆ ಜಾಸ್ತಿ ಲೈಕ್ ಬಂತು ಅಂತ ನೋಡಬೇಡಿ, ಯಾಕೆಂದರೆ ಹಬ್ಬದ ದಿನ ಹಾಕಿದ ನಾಲ್ಕು ಸಾಲಿಗೆ ಬರುವ ಲೈಕು, ನೀವು ತಿಂಗಳು ಕೂತು ಬರೆದ ಕವಿತೆಗೆ ಬಂದಿರುವುದಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆದು, ಕವಿತೆ ಓದುವ ಅಭ್ಯಾಸ ಇರುವ ಇಬ್ಬರಿಗೆ ಕೊಟ್ಟು, ಬೇಡ ಅನ್ನಿಸಿದ್ದರ ಮೇಲೆ ಗೀಟು ಎಳೆಯಿರಿ ಅಂತ ಹೇಳಿ. ಇಬ್ಬರೂ ಗೀಟು ಎಳೆದದ್ದನ್ನು ವಾದ ಮಾಡದೆ ತೆಗೆಯಿರಿ.

ಮೊಬೈಲಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಂದರೆ ಇದೆ. ಸಾಲು ಎಲ್ಲಿ ಮುರಿಯಬೇಕು ಅನ್ನುವುದನ್ನು ಸ್ಕ್ರೀನಿನ ಅಗಲವೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಅದನ್ನು ಪುಟಕ್ಕೆ ತಂದಾಗ, ನೀವು ಮುರಿದ ಸಾಲು ಯಾವುದು, ಫೋನು ಮುರಿದದ್ದು ಯಾವುದು ಅಂತ ಡಿಟಿಪಿ ಮಾಡುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಒಂದು ಕಂಪ್ಯೂಟರ್ ಮುಂದೆ ಕೂತು, ಪುಟದ ಅಳತೆಯನ್ನು ಐದೂವರೆ ಎಂಟೂವರೆ ಇಂಚಿಗೆ ಇಟ್ಟು, ಪ್ರತಿ ಕವಿತೆಯ ಸಾಲನ್ನೂ ನೀವೇ ಮತ್ತೆ ಕೂರಿಸಿ. ಕವಿತೆ ಅರ್ಧಕ್ಕರ್ಧ ಆಗಲೇ ತಿದ್ದಿಕೊಳ್ಳುತ್ತದೆ.

ಫೈಲ್ ಯೂನಿಕೋಡಿನಲ್ಲಿರಲಿ. ಆದರೆ ಪ್ರೆಸ್ಸಿನವರು ಇನ್ನೂ ಪೇಜ್‌ಮೇಕರ್ ಅನ್ನುವ ಪುಟವಿನ್ಯಾಸದ ಹಳೇ ಸಾಫ್ಟ್‌ವೇರ್ ಬಳಸುವವರಾದರೆ ಅದನ್ನು ನುಡಿ, ಬರಹ ಅನ್ನುವ ಹಳೇ ಫಾಂಟುಗಳಿಗೆ ಬದಲಿಸಿಕೊಳ್ಳುತ್ತಾರೆ, ತಪ್ಪು ನುಸುಳುವುದೇ ಅಲ್ಲಿ. "ರಾಜ್‌ಕುಮಾರ್" ಅಂತ ನೀವು ಟೈಪ್ ಮಾಡಿದ್ದು ಅಚ್ಚಲ್ಲಿ "ರಾಜ್ಕುಮಾರ್" ಆಗಿರುತ್ತದೆ, ಜ ಕೆಳಗೆ ಕ ಒತ್ತು ಬಂದು ಕೂತಿರುತ್ತದೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ. ಪ್ರಶ್ನೆ ಚಿಹ್ನೆ ಒಂದು ಸಾಲು ಕೆಳಗೆ ಬಿದ್ದಿರುತ್ತದೆ. ಕವಿತೆಯಲ್ಲಿ ಇಂಥ ಒಂದು ತಪ್ಪು ಉಳಿದರೂ ಆ ಸಾಲು ಸತ್ತಹಾಗೆ. ಬದಲಿಸಿದ ಮೇಲಿನ ಕರಡನ್ನು ಪೇಪರಲ್ಲಿ ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದುತ್ತಾ ತಿದ್ದಿ. ಇನ್ನೊಬ್ಬರು ಮೂಲ ಹಿಡಿದು ಕೂರಲಿ. ನೀವೊಬ್ಬರೇ ಓದಿದರೆ ನಿಮ್ಮ ಕಣ್ಣು ಇಲ್ಲದ್ದನ್ನು ಇದೆ ಅಂತ ಓದಿಕೊಂಡು ಹೋಗುತ್ತದೆ.

ನಿಮ್ಮ ವಯಸ್ಸಿಗೆ ಒಂದು ಅನುಕೂಲ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ, 18ರಿಂದ 35 ವರ್ಷದೊಳಗಿನ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಬರುತ್ತದೆ, ಹಸ್ತಪ್ರತಿ ಜೊತೆ ಅರ್ಜಿ ಹಾಕಬೇಕು. ಕರೆದ ಮೇಲೆ ಕೊಡುವ ಸಮಯ ಕಡಿಮೆ, ಆದ್ದರಿಂದ ಹಸ್ತಪ್ರತಿ ಈಗಲೇ ಸಿದ್ಧ ಇಟ್ಟುಕೊಳ್ಳಿ. ಕಾರ್ಕಳ ತಾಲ್ಲೂಕಿನ ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿಯೂ ಕವಿತೆಗಳ ಹಸ್ತಪ್ರತಿಗೇ ಇರುವುದು. ಮುಂಚೆಯೇ ಪುಸ್ತಕ ಮಾಡಿಬಿಟ್ಟರೆ ಈ ಎರಡು ಬಾಗಿಲೂ ನಿಮಗೆ ಮುಚ್ಚುತ್ತವೆ.

ಬಾಗೇಪಲ್ಲಿಯಿಂದ: ಐಎಸ್‌ಬಿಎನ್ ನಂಬರ್ ಹಾಕಿಸಲು ಐದು ಸಾವಿರ ಆಗುತ್ತೆ ಅಂದರು. ಅದು ಬೇಕೇ ಬೇಕಾ?

ಐಎಸ್‌ಬಿಎನ್ ಅಂದರೆ ಒಂದೊಂದು ಪುಸ್ತಕಕ್ಕೂ ಕೊಡುವ ಗುರುತಿನ ನಂಬರ್, ನಮ್ಮ ದೇಶದಲ್ಲಿ ಅದು ಉಚಿತ. ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಕೊಡುತ್ತದೆ, ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವುದು. ಆನ್‌ಲೈನ್‌ನಲ್ಲೇ ಅರ್ಜಿ. ಪ್ರಕಾಶಕರೇ ಆಗಬೇಕಿಲ್ಲ, ಸ್ವಂತವಾಗಿ ಪ್ರಕಟಿಸುವ ಲೇಖಕರೂ ತಮ್ಮ ಹೆಸರಲ್ಲೇ ತಗೊಳ್ಳಬಹುದು. ಅರ್ಜಿ ತುಂಬಿಕೊಟ್ಟದ್ದಕ್ಕೆ ಯಾರಾದರೂ ಒಂದಿಷ್ಟು ಕೂಲಿ ಕೇಳಿದರೆ ಅದು ಬೇರೆ ಮಾತು, ನಂಬರಿಗೇ ಐದು ಸಾವಿರ ಅನ್ನುವುದು ಸುಳ್ಳು. ಕಾನೂನಿನಲ್ಲಿ ಕಡ್ಡಾಯ ಇಲ್ಲ, ಆದರೆ ದೊಡ್ಡ ಅಂಗಡಿಗಳಿಗೆ, ಆನ್‌ಲೈನ್ ಮಾರಾಟಕ್ಕೆ, ಲೈಬ್ರರಿಗೆ ಬೇಕಾಗುತ್ತದೆ. ಅಚ್ಚಿಗೆ ಕೊಡುವ ಹೊತ್ತಿಗೆ ಓಡಾಡಬೇಡಿ, ಪುಟವಿನ್ಯಾಸ ಶುರುವಾದಾಗಲೇ ಅರ್ಜಿ ಹಾಕಿ.

ಕೇಳದೆ ಇದ್ದರೂ ಇನ್ನೊಂದು ಹೇಳುತ್ತೇನೆ. 1954ರ ಕಾಯ್ದೆಯೊಂದರ ಪ್ರಕಾರ ಪುಸ್ತಕ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಈ ಜವಾಬ್ದಾರಿ ನಿಮ್ಮದು. ನಾಲ್ಕು ಪ್ರತಿ ಬದಿಗಿಡಿ. ನಿಮ್ಮ ಮನೆಯಲ್ಲಿ ಒಂದು ಪ್ರತಿಯೂ ಉಳಿಯದ ಕಾಲಕ್ಕೂ ಅಲ್ಲಿ ಪುಸ್ತಕ ಇರುತ್ತದೆ.

ಮುಳಬಾಗಿಲಿನಿಂದ ನಿವೃತ್ತ ಗ್ರಾಮ ಲೆಕ್ಕಿಗರು: ಮೇಡಂ, ಸರ್ವೀಸಿನಲ್ಲಿದ್ದಾಗಿನಿಂದ ಸುತ್ತಲ ಹಳ್ಳಿಗಳ ಕೆರೆಗಳ ವಿವರ ಬರೆದಿಟ್ಟಿದ್ದೇನೆ. ತೂಬು, ಕೋಡಿ, ಅಚ್ಚುಕಟ್ಟು, ಗದ್ದೆಗೆ ನೀರು ಬಿಡುವ ನೀರುಗಂಟಿ ಮನೆತನಗಳು, ಜೊತೆಗೆ ಹೆಂಗಸರು ನಾಟಿ ಮಾಡುವಾಗ ಹೇಳುವ ಹಾಡುಗಳು, ಅದರಲ್ಲಿ ಕೆಲವು ತೆಲುಗು. ಮೂರು ಪ್ರಕಾಶಕರಿಗೆ ಕಳಿಸಿದೆ, ಒಬ್ಬರೂ ಉತ್ತರ ಬರೆಯಲಿಲ್ಲ. ಆಸೆ ಬಿಡಬೇಕಾ?

ಬಿಡಬೇಡಿ ಸರ್. ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ನಿಮ್ಮದು.

ಪ್ರಕಾಶಕರು ಉತ್ತರ ಬರೆಯದೆ ಇರುವುದಕ್ಕೆ ಕಾರಣ ಬರವಣಿಗೆಯೇ ಆಗಬೇಕಿಲ್ಲ. ಬೆಂಗಳೂರಲ್ಲಿ ಕೂತವರಿಗೆ ಮುಳಬಾಗಿಲು ಸೀಮೆಯ ಕೆರೆಗಳ ಪುಸ್ತಕ ಯಾರಿಗೆ ಮಾರುವುದು ಅಂತ ತೋಚುವುದಿಲ್ಲ. ಆದರೆ ನಿಮಗೆ ಗೊತ್ತು. ಆ ಹಳ್ಳಿಗಳ ಒಂದೊಂದು ಮನೆಯೂ ನಿಮ್ಮ ಓದುಗರ ಮನೆ. ಕೋಲಾರ ಜಿಲ್ಲೆಯಷ್ಟು ಕೆರೆಗಳ ಜೊತೆ ಬದುಕಿದ ಸೀಮೆ ಕಡಿಮೆ. ವರ್ಷವಿಡೀ ಹರಿಯುವ ನದಿ, ನಾಲೆ ಇಲ್ಲದ ಕಡೆ ಮಳೆನೀರು ಹಿಡಿದು, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ಹೋಗುವ ಹಾಗೆ ಕಟ್ಟಿದವರು ನಮ್ಮ ಹಿರಿಯರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನೀರು ಬಂತು, ಆದರೆ ಯಾವ ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡುತ್ತಿದ್ದರು ಅಂತ ಹೇಳಬಲ್ಲವರು ಹೋಗುತ್ತಿದ್ದಾರೆ. ನೀವು ಬರೆದಿಟ್ಟಿದ್ದೀರಿ. ಇದು ಪುಸ್ತಕ ಆಗಲೇಬೇಕು.

ನನ್ನ ಸಲಹೆ: ದೊಡ್ಡ ಪ್ರಕಾಶಕರ ಹಿಂದೆ ಹೋಗುವುದು ಇಲ್ಲಿಗೆ ಸಾಕು. ಡಿಜಿಟಲ್ ಪ್ರಿಂಟಿನಲ್ಲಿ 150 ಅಥವಾ 200 ಪ್ರತಿ ಮಾಡಿಸಿ. ಕಡಿಮೆ ಪ್ರತಿಗೆ ಆಫ್‌ಸೆಟ್ ದುಬಾರಿ, ಡಿಜಿಟಲ್ ಆದರೆ ಖಾಲಿಯಾದಮೇಲೆ ಇನ್ನೂ ಐವತ್ತು ಅಂತ ಹೇಳಿ ಮಾಡಿಸಿಕೊಳ್ಳಬಹುದು. ಆದರೆ ಪುಸ್ತಕದ ಒಳಗಿನ ಕೆಲಸದಲ್ಲಿ ಉಳಿತಾಯ ಮಾಡಬೇಡಿ. ಪ್ರತಿ ಕೆರೆಗೂ ಕೈಯಲ್ಲಿ ಬರೆದ ಒಂದು ಸಣ್ಣ ನಕ್ಷೆ ಹಾಕಿ: ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಯಾವ ಕಡೆ. ನೀವು ದಾಖಲೆ ಬರೆದವರು, ನಿಮಗೆ ಅದು ಕಷ್ಟವಲ್ಲ. ಕೊನೆಯಲ್ಲಿ ಊರುಗಳ ಅಕಾರಾದಿ ಪಟ್ಟಿ ಪುಟಸಂಖ್ಯೆ ಸಮೇತ ಇರಲೇಬೇಕು, ಯಾಕೆಂದರೆ ಈ ಪುಸ್ತಕ ಕೈಗೆ ತಗೊಂಡವರು ಮೊದಲು ಹುಡುಕುವುದು ತಮ್ಮ ಊರನ್ನು. ಊರು ಸಿಕ್ಕಿದರೆ ಪುಸ್ತಕ ಕೊಳ್ಳುತ್ತಾರೆ.

ಹಾಡುಗಳ ವಿಷಯದಲ್ಲಿ ಎರಡು ಮಾತು. ತೆಲುಗು ಹಾಡನ್ನು ತೆಲುಗಲ್ಲೇ, ಕನ್ನಡ ಲಿಪಿಯಲ್ಲಿ ಕೊಡಿ, ಕೆಳಗೆ ಅರ್ಥ ಬರೆಯಿರಿ. ಕನ್ನಡಕ್ಕೆ ತಿರುಗಿಸಿ ಹಾಡಿನ ಹಾಗೆ ಮಾಡಲು ಹೋಗಬೇಡಿ. ಮುಳಬಾಗಿಲಿನ ಮನೆಗಳಲ್ಲಿ ಎರಡೂ ಮಾತು ಒಟ್ಟಿಗೇ ಇವೆ, ಪುಸ್ತಕದಲ್ಲೂ ಇರಲಿ. ಇನ್ನೊಂದು, ಹಾಡು ಹೇಳಿಕೊಟ್ಟ ಹೆಂಗಸರ ಹೆಸರು, ವಯಸ್ಸು, ಊರು ಆಯಾ ಹಾಡಿನ ಕೆಳಗೇ ಬರಲಿ, ಅವರನ್ನು ಕೇಳಿ, ಒಪ್ಪಿಗೆ ಪಡೆದು. ಅವರು ತೀರಿಹೋಗಿದ್ದರೆ ಮನೆಯವರನ್ನು ಕೇಳಿ. ಹಾಡು ಎಲ್ಲರದೂ ಅಂತ ಹೇಳಿ ಹೇಳಿದವರ ಹೆಸರೇ ಬಿಟ್ಟ ಸಂಗ್ರಹಗಳು ಬೇಕಾದಷ್ಟಿವೆ, ನಿಮ್ಮದು ಹಾಗಾಗಬಾರದು. ಪುಸ್ತಕ ಬಂದ ದಿನ ಮೊದಲ ಪ್ರತಿಗಳು ಅವರ ಕೈಗೇ ಹೋಗಲಿ.

ಮಾರಾಟಕ್ಕೆ ದೂರ ಹೋಗಬೇಕಿಲ್ಲ. ಸುತ್ತಲ ಹೈಸ್ಕೂಲು, ಕಾಲೇಜುಗಳ ಕನ್ನಡ ಮತ್ತು ಇತಿಹಾಸದ ಮೇಷ್ಟ್ರುಗಳು, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಬೆಂಗಳೂರಲ್ಲಿ ಕೆಲಸಕ್ಕಿರುವ ನಿಮ್ಮೂರಿನ ಹುಡುಗರ ವಾಟ್ಸಾಪ್ ಗುಂಪುಗಳು, ಎಲ್ಲಾ ಕಡೆ ತಿಳಿಸಿ. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನ ಕಾರ್ಯಕ್ರಮಕ್ಕೆ ಹಾಡು ಗೊತ್ತಿರುವ, ಹಾಡು ಕೇಳುವ ಜನ ಬರುತ್ತಾರೆ. ಅಲ್ಲಿ ಹೋಗಿ ಮಾತಾಡಿ. ಬಿಡುಗಡೆ ಮಾಡುವುದಾದರೆ ಸಭಾಂಗಣ ಬೇಡ, ಯಾವುದಾದರೂ ಒಂದು ಕೆರೆ ಏರಿಯ ಮೇಲೆ, ಆ ಹಾಡು ಹೇಳುವವರಿಂದಲೇ ಹಾಡಿಸಿ ಮಾಡಿ.

ತಿಪಟೂರಿನಿಂದ: ಹೆಸರಾಂತ ಸಾಹಿತಿಯೊಬ್ಬರಿಗೆ ಮುನ್ನುಡಿಗೆ ಕೊಟ್ಟು ಒಂದು ವರ್ಷವಾಯಿತು. ಫೋನ್ ಮಾಡಿದರೆ "ಬರೆಯುತ್ತೇನೆ ಕಣಪ್ಪ" ಅನ್ನುತ್ತಾರೆ. ಮುನ್ನುಡಿ ಇಲ್ಲದೆ ಪುಸ್ತಕ ತರಬಹುದಾ?

ಧಾರಾಳವಾಗಿ ತರಬಹುದು. ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡುವವರು ಬೆನ್ನುಡಿ ಓದುತ್ತಾರೆ, ಮೊದಲ ಪುಟದ ನಾಲ್ಕು ಸಾಲು ಓದುತ್ತಾರೆ, ಬೆಲೆ ನೋಡುತ್ತಾರೆ. ಮುನ್ನುಡಿ ಓದಿ ಪುಸ್ತಕ ಕೊಂಡವರು ಅಪರೂಪ. ಅವರಿಗೆ ಗೌರವದಿಂದಲೇ ಹೇಳಿ, "ಸರ್, ನಿಮಗೆ ಬಿಡುವಿಲ್ಲ ಅಂತ ಗೊತ್ತು, ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡುತ್ತಿದ್ದೇನೆ, ಪುಸ್ತಕ ಬಂದಮೇಲೆ ಓದಿ ಎರಡು ಮಾತು ಹೇಳಿದರೆ ಸಾಕು." ಇದರಿಂದ ಅವರಿಗೂ ಹಗುರ. ಮುನ್ನುಡಿ ಬೇಕೇ ಬೇಕು ಅನ್ನಿಸಿದರೆ, ನಿಮ್ಮ ಬರಹವನ್ನು ನಿಜವಾಗಿ ಓದಿ ತಿದ್ದಿದ ನಿಮ್ಮ ಮೇಷ್ಟ್ರೋ ಗೆಳೆಯರೋ ಬರೆಯಲಿ. ಮೂರು ಪುಟ ಸಾಕು. ಹದಿನೈದು ಪುಟದ ಮುನ್ನುಡಿ ಅಂದರೆ ಒಂದು ಫಾರಂನ ಖರ್ಚು.

ಮಾಲೂರಿನಿಂದ: ನನ್ನ ಕಾದಂಬರಿ ಒಪ್ಪಿದ್ದಾರೆ, ದುಡ್ಡು ಕೇಳಿಲ್ಲ. ಆದರೆ ಕಳಿಸಿದ ಒಪ್ಪಂದದಲ್ಲಿ "ಸಕಲ ಹಕ್ಕುಗಳೂ ಪ್ರಕಾಶಕರವು" ಅಂತ ಒಂದು ಸಾಲಿದೆ. ಸಹಿ ಹಾಕಲಾ? ಬೇಡ ಅಂದರೆ ಪುಸ್ತಕವೇ ಕೈತಪ್ಪುತ್ತೇನೋ ಅಂತ ಭಯ.

ಮೊದಲಿಗೆ ಅಭಿನಂದನೆ. ದುಡ್ಡು ಕೇಳದೆ ಒಪ್ಪಿದ್ದಾರೆ ಅಂದರೆ ಅವರಿಗೆ ಕಾದಂಬರಿ ಹಿಡಿಸಿದೆ, ಒಂದು ಸಾಲು ತಿದ್ದಿ ಅಂತ ಕೇಳಿದ ಮಾತ್ರಕ್ಕೆ ಕೈಬಿಡುವುದಿಲ್ಲ.

ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆ ಇದನ್ನು ಹೇಳುತ್ತದೆ, ನೋಂದಣಿ ಕೂಡ ಕಡ್ಡಾಯ ಅಲ್ಲ. ಲೇಖಕರು ಬದುಕಿರುವವರೆಗೆ, ಆಮೇಲೆ 60 ವರ್ಷ ವಾರಸುದಾರರಿಗೆ ಈ ಹಕ್ಕು ಇರುತ್ತದೆ. ಅಷ್ಟು ದೀರ್ಘ ಕಾಲದ ಆಸ್ತಿಯನ್ನು ಒಂದು ಸಾಲಿನಲ್ಲಿ ಬರೆದುಕೊಡುವುದು ಬೇಡ. ಅದೇ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಕೊಡುವುದು ಲಿಖಿತವಾಗಿಯೇ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಆ ಹಕ್ಕು ಹೋಗುತ್ತದೆ. ಕಾನೂನು ನಿಮ್ಮ ಕಡೆಗೇ ಇದೆ, ಆದರೆ ನೀವು ಸಹಿ ಹಾಕಿದ ಕಾಗದದಲ್ಲಿ ಬೇರೆ ಬರೆದಿದ್ದರೆ ಆ ಕಾಗದಕ್ಕೆ ಬೆಲೆ ಜಾಸ್ತಿ.

ಅವರಿಗೆ ಹೀಗೆ ಬರೆಯಿರಿ: "ಕನ್ನಡ ಮುದ್ರಿತ ಪುಸ್ತಕದ ಹಕ್ಕನ್ನು ಐದು ವರ್ಷಕ್ಕೆ ಕೊಡುತ್ತೇನೆ. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ಧಾರಾವಾಹಿ, ನಾಟಕದ ಹಕ್ಕುಗಳು ನನ್ನಲ್ಲೇ ಇರಲಿ." ಇ-ಪುಸ್ತಕ ಮತ್ತು ಆಡಿಯೊ ಅವರೇ ಮಾಡುತ್ತೇವೆ ಅಂದರೆ ಅದಕ್ಕೆ ನಿಮ್ಮ ಪಾಲು ಎಷ್ಟು ಅಂತ ಪ್ರತ್ಯೇಕವಾಗಿ ಬರೆಸಿ. ಈಗ ಮೈಲ್ಯಾಂಗ್‌ನಂಥ ಕಡೆ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಮಾರಾಟವಾಗುತ್ತಿವೆ. ಓಡಾಟದಲ್ಲಿ ಕೇಳುವವರು, ಕಣ್ಣು ಮಂಜಾದ ಹಿರಿಯರು ನಿಮ್ಮ ಕಾದಂಬರಿಯನ್ನು ಕಿವಿಯಲ್ಲೇ ಓದಬಹುದು. ಜೊತೆಗೆ ಇನ್ನೆರಡು ಸಾಲು ಸೇರಿಸಿ. ಮೊದಲ ಮುದ್ರಣ ಎಷ್ಟು ಪ್ರತಿ ಅಂತ ಬರೆಯಬೇಕು. ಮತ್ತು ಪ್ರತಿಗಳು ಖಾಲಿಯಾಗಿ ಒಂದು ವರ್ಷದಲ್ಲಿ ಮರುಮುದ್ರಣ ಆಗದಿದ್ದರೆ ಹಕ್ಕು ನಿಮಗೆ ವಾಪಸ್ ಬರಬೇಕು. ಈ ಎರಡನೆಯದನ್ನು ಬಿಡಲೇಬೇಡಿ. ಅಂಗಡಿಯಲ್ಲಿ ಸಿಗದ, ಬೇರೆಯವರಿಗೆ ಕೊಡಲೂ ಆಗದ ಒಳ್ಳೆಯ ಪುಸ್ತಕಗಳು ಕನ್ನಡದಲ್ಲಿ ತುಂಬಾ ಇವೆ, ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಧೈರ್ಯಕ್ಕೆ ನೋಂದಣಿ ಮಾಡಿಸಬೇಕು ಅನ್ನಿಸಿದರೆ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಆನ್‌ಲೈನ್‌ನಲ್ಲೇ ಮಾಡಬಹುದು.

ತುಮಕೂರಿನಿಂದ: ಸ್ವಂತ ಖರ್ಚಲ್ಲಿ ಪ್ರಬಂಧ ಸಂಕಲನ ತಂದೆ. ಕನ್ನಡ ಭವನದಲ್ಲಿ ಬಿಡುಗಡೆ ಆಯಿತು, ಜನ ಬಂದಿದ್ದರು, ಊಟ ಚೆನ್ನಾಗಿತ್ತು ಅಂದರು. 380 ಪ್ರತಿ ಮಂಚದ ಕೆಳಗಿವೆ. ಲೈಬ್ರರಿಯವರು ತಗೊಳ್ಳುತ್ತಾರೆ ಅಂತ ಎಲ್ಲರೂ ಹೇಳಿದ್ದರು.

ಲೈಬ್ರರಿ ಖರೀದಿಗೆ ಅರ್ಜಿ ಖಂಡಿತ ಹಾಕಿ. ಗ್ರಂಥಾಲಯ ಇಲಾಖೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳಿಗೆ ಅರ್ಜಿ ಕರೆಯುತ್ತದೆ, ಸಮಿತಿ ನೋಡಿ ಆರಿಸುತ್ತದೆ, ಗಡುವು ತಪ್ಪಿದರೆ ನಿಮ್ಮ ಪುಸ್ತಕ ಹೊರಗುಳಿಯುತ್ತದೆ. ಪುಸ್ತಕ ಪ್ರಾಧಿಕಾರದ ಸಗಟು ಖರೀದಿ ಯೋಜನೆಯ ಪ್ರಕಟಣೆಯ ಮೇಲೂ ಕಣ್ಣಿಡಿ. ಆದರೆ ಆಯ್ಕೆಯಾಗುವುದು ಖಾತ್ರಿ ಇಲ್ಲ, ಆಯ್ಕೆಯಾದರೂ ಬಿಲ್ಲು ತಡವಾಗುತ್ತದೆ ಅನ್ನುವ ದೂರು ಪ್ರಕಾಶಕರದ್ದು ಮೊದಲಿನಿಂದಲೂ ಇದೆ. ಅದನ್ನು ನಂಬಿ ಸಾಲ ಮಾಡಬೇಡಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಮಧುರಚೆನ್ನ ದತ್ತಿನಿಧಿ ಬಹುಮಾನ ಲೇಖಕರ ಮೊದಲ ಸ್ವತಂತ್ರ ಕೃತಿಗೇ ಇರುವುದು, ಅದಕ್ಕೂ ಕಳಿಸಿ.

ಈಗ ಮಂಚದ ಕೆಳಗಿನ ಪ್ರತಿಗಳ ವಿಷಯ. ಮೊದಲು ಅವನ್ನು ನೆಲದಿಂದ ಮೇಲೆತ್ತಿ, ಹಲಗೆಯ ಮೇಲಿಡಿ, ಮಳೆಗಾಲದಲ್ಲಿ ತೇವ ಕೆಳಗಿನಿಂದಲೇ ಏರುತ್ತದೆ. ಆಮೇಲೆ ಗೌರವ ಪ್ರತಿ ಕೊಡುವುದನ್ನು ನಿಲ್ಲಿಸಿ. ಬಿಟ್ಟಿ ಬಂದ ಪುಸ್ತಕವನ್ನು ಓದುವವರು ಕಡಿಮೆ, ನೂರು ರೂಪಾಯಿ ಕೊಟ್ಟು ತಗೊಂಡವರು ಆ ನೂರು ರೂಪಾಯಿಗಾದರೂ ಓದುತ್ತಾರೆ. ವಿಮರ್ಶೆಗೆ, ಪತ್ರಿಕೆಗಳಿಗೆ, ನಿಜವಾಗಿ ಓದಿ ಬರೆಯುವವರಿಗೆ ಒಂದು ಇಪ್ಪತ್ತು ಪ್ರತಿ ಸಾಕು.

ನೀವು ಪ್ರಬಂಧ ಬರೆಯುವವರು, ನಿಮಗೆ ಇನ್ನೊಂದು ದಾರಿ ಇದೆ. ಪುಸ್ತಕದಿಂದ ಅತ್ಯಂತ ಚೆನ್ನಾಗಿರುವ ಒಂದು ಪ್ರಬಂಧ ಆರಿಸಿ, ತುಮಕೂರಿನ ಕಾಲೇಜುಗಳ ಕನ್ನಡ ವಿಭಾಗದವರನ್ನು ಕೇಳಿ, ಮಕ್ಕಳ ಮುಂದೆ ಅದನ್ನು ಓದಿ. ಹದಿನೈದು ನಿಮಿಷ ಓದುವುದು, ಅರ್ಧ ಗಂಟೆ ಮಾತು. ಸನ್ಮಾನ, ಹಾರ, ಶಾಲು ಯಾವುದೂ ಬೇಡ ಅಂತ ಮೊದಲೇ ಹೇಳಿ. ಕೊನೆಯಲ್ಲಿ ಪುಸ್ತಕ ಅಲ್ಲೇ ಮೇಜಿನ ಮೇಲಿರಲಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡಿ, ಯುಪಿಐ ಕೋಡ್ ಒಂದು ಕಾಗದದ ಮೇಲೆ ಅಂಟಿಸಿಡಿ. ಒಂದು ಕಡೆ ಆರು ಪ್ರತಿ ಹೋಗಬಹುದು, ಇನ್ನೊಂದು ಕಡೆ ಹದಿನೈದು. ನವೆಂಬರ್ ತಿಂಗಳಲ್ಲಿ ಪ್ರತಿ ಆಫೀಸು, ಪ್ರತಿ ಬಡಾವಣೆಯಲ್ಲೂ ರಾಜ್ಯೋತ್ಸವ ನಡೆಯುತ್ತದೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ ಬದಲು ಪುಸ್ತಕ ಕೊಡಿ ಅಂತ ಅಕ್ಟೋಬರಿನಲ್ಲೇ ಹೋಗಿ ಕೇಳಿ. ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳಲ್ಲಿ ನಿಮ್ಮಂಥ ನಾಲ್ಕು ಲೇಖಕರು ಸೇರಿ ಒಂದೇ ಮಳಿಗೆ ಹಿಡಿದರೆ ಬಾಡಿಗೆಯೂ ಹಂಚಿಹೋಗುತ್ತದೆ.

ಅಂಗಡಿಗೆ ಕೊಟ್ಟರೆ ಐದೈದೇ ಪ್ರತಿ ಕೊಡಿ, ಚೀಟಿ ಬರೆಸಿಕೊಳ್ಳಿ, ಒಂದು ನೋಟ್‌ಬುಕ್ಕಿನಲ್ಲಿ ಅಂಗಡಿ, ತಾರೀಕು, ಎಷ್ಟು ಪ್ರತಿ, ಎಷ್ಟು ಕಮಿಷನ್ ಅಂತ ಗುರುತು ಹಾಕಿಡಿ. ಮೂರು ತಿಂಗಳಿಗೊಮ್ಮೆ ನೀವೇ ಹೋಗಿ ಕೇಳಿ, ಅವರಾಗಿ ಫೋನ್ ಮಾಡುವುದಿಲ್ಲ. ಮಾರದೆ ಉಳಿದದ್ದನ್ನು ವಾಪಸ್ ತಂದು ಇನ್ನೊಂದು ಅಂಗಡಿಗೆ ಕೊಡಿ.